ಎಂಬತ್ತೇಳರಲ್ಲಿ ಒಂದು

ಅರಸೀಕೆರೆ. ಬಿ.ಎಚ್. ರಸ್ತೆ. ಔಷಧಿ ಅಂಗಡಿಯ ಮಹಡಿ.
ಹಗಲೆಲ್ಲ ಹಲ್ಲು ಕಟ್ಟುತ್ತೇನೆ,
ಗುಲಾಬಿ ವಸಡು, ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು,
ಊರಿನ ಅರ್ಧ ನಗು ನನ್ನದೇ.
ರಾತ್ರಿ ಒಂಬತ್ತರ ಮೇಲೆ ಅದೇ ದೀಪ, ಅದೇ ಭೂತಗನ್ನಡಿ,
ಸಾಸಿವೆ ಕಾಳಿನಷ್ಟು ಮೊನೆಯ ಅದೇ ಕೊರೆಯುಳಿ;
ಹಲ್ಲು ಹೋಗಿ ಗಾರ್ಡ್ ಡಬ್ಬಿ ಬರುತ್ತದೆ.

ಮೀಟರ್ ಗೇಜಿನದು.
ಹಾಸನದ ಕಡೆ ಹೋಗುವ ಗೂಡ್ಸಿನ ಬಾಲಕ್ಕೆ
ಕಟ್ಟಿಸಿಕೊಂಡು ಓಡುತ್ತಿದ್ದದ್ದು.
ಹಳಿ ಅಗಲವಾದ ಮೇಲೆ ಗುಜರಿಗೆ ಹೋಯಿತು.
ಈಗ ನನ್ನ ಮೇಜಿನ ಮೇಲೆ ಬೆರಳುದ್ದ:
ಎಂಬತ್ತೇಳು ಅಡಿಗೆ ಒಂದಡಿ,
ಒಂದು ಮೀಟರು ಅಂದರೆ ಹನ್ನೊಂದೂವರೆ ಮಿಲಿಮೀಟರು.
ತರಿಸಿದ್ದು ಹೊರದೇಶದ ಅಚ್ಚು.
ಅದರ ತಲೆಯ ಮೇಲೊಂದು ಕಾವಲುಗೂಡು.
ನಮ್ಮದಕ್ಕೆಲ್ಲಿತ್ತು ಅದು?
ಗರಗಸ ಹಾಕಿದೆ. ಮಾಡು ಬೋಳಾಯಿತು.
ಮೂರು ಕಿಟಕಿಯಲ್ಲಿ ಒಂದನ್ನು ಮುಚ್ಚಿದೆ
ವಸಡಿನ ಗುಲಾಬಿಯಿಂದಲೇ.
ಬಣ್ಣ ಬಳಿದ ಮೇಲೆ ಯಾರಿಗೆ ಗೊತ್ತಾಗುತ್ತೆ.

ಆಧಾರ ಒಂದೇ ಒಂದು ಫೋಟೋ:
ಪ್ಲಾಟ್‌ಫಾರಂ ಮೇಲೆ ಹಾರನಹಳ್ಳಿಯ ದಿಬ್ಬಣ,
ಬೆನ್ನ ಹಿಂದೆ, ಆಕಸ್ಮಿಕವಾಗಿ, ಡಬ್ಬಿ.
ಮದುಮಗನ ಪೇಟ ಅರ್ಧ ಕಿಟಕಿ ನುಂಗಿದೆ,
ಯಾರದೋ ಛತ್ರಿ ಮೆಟ್ಟಿಲ ಲೆಕ್ಕ ತಪ್ಪಿಸಿದೆ.
ಸಂದಿಯಲ್ಲಿ ಹಲಗೆ ಎಣಿಸಿದ್ದೇನೆ, ಹನ್ನೊಂದು.
ಮದುಮಗಳು ಹೇಗಿದ್ದಳು ಅಂತ ಮಾತ್ರ ಕೇಳಬೇಡಿ.

ಗಾರ್ಡು ಖುದ್ದೂಸ್ ಸಾಹೇಬರು ಬಂದರು. ಎಂಬತ್ತನಾಲ್ಕು.
ಕೆಳಗಿನ ಸೆಟ್ಟು ಸಡಿಲ, ರೊಟ್ಟಿ ಸಿಕ್ಕಿಕೊಳ್ಳುತ್ತೆ.
ಹಲ್ಲನ್ನು ಬಟ್ಟಲಲ್ಲಿ ಬಿಟ್ಟು ಡಬ್ಬಿಯನ್ನು ಅಂಗೈಗೆ ತಗೊಂಡರು.
ಹೂಂ, ಅಂದರು. ಹೂಂ.
ಆಮೇಲೆ ಕಣ್ಣು ಮುಚ್ಚಿ, ಎಡಗೈ ಚಾಚಿ
ಗಾಳಿಯಲ್ಲೊಂದು ಚಕ್ರ ತಿರುವಿದರು,
ಬಲಗೈಯನ್ನು ಬಾವುಟಕ್ಕೆ ಬಿಟ್ಟುಕೊಂಡು.
"ಬ್ರೇಕು ಈ ಕಡೆ ಇತ್ತಪ್ಪ. ನೀನು ಆ ಕಡೆ ಇಟ್ಟಿದ್ದೀಯ."
ಫೋಟೋ ತೋರಿಸಿದೆ.
"ಫೋಟೋಗೇನು ಗೊತ್ತು?
ಇಪ್ಪತ್ತೊಂಬತ್ತು ವರ್ಷ ತಿರುಗಿಸಿದ್ದು ಈ ಕೈ."
ಹಲ್ಲಿಲ್ಲದ ಬಾಯಿ, ಮಾತಿನಲ್ಲಿ ಅರ್ಧ ಗಾಳಿ.
ವಯಸ್ಸಾಯಿತು, ಮರೆತಿರಬೇಕು, ಅಂದುಕೊಂಡೆ.

ಆ ರಾತ್ರಿ ಭೂತಗನ್ನಡಿಯಲ್ಲಿ
ಜನರನ್ನು ಮೊದಲ ಸಲ ನೋಡಿದೆ.
ಮದುಮಗನ ಕೋಟಿನ ಜೇಬು ಬಲಕ್ಕೆ.
ಪಕ್ಕದವನದೂ ಬಲಕ್ಕೆ. ಪೋರ್ಟರನದೂ.
ಹೆಂಗಸರ ಸೆರಗೆಲ್ಲ ಬಲ ಹೆಗಲ ಮೇಲೆ.
ಇಡೀ ದಿಬ್ಬಣವೇ ಎಡಚ!
ಸ್ಟುಡಿಯೋದವನು ನೆಗೆಟಿವ್ ಮಗುಚಿ ಅಚ್ಚು ಹಾಕಿದ್ದ.

ಎದುರು ಕೂತವರ ಎಡದವಡೆ ನನ್ನ ಬಲಕ್ಕೆ ಅಂತ
ಮೂವತ್ತು ವರ್ಷದಿಂದ ಬರೆದುಕೊಳ್ಳುವವನು ನಾನು.
ನಾಲ್ಕು ತಿಂಗಳು ಹಲಗೆ ಎಣಿಸಿದೆ,
ಅಡ್ಡ ನಿಂತರಲ್ಲ ಅಂತ ಅವರನ್ನು ಬೈದುಕೊಳ್ಳುತ್ತ.

ಬಿಚ್ಚಿದೆ.
ಬಾಗಿಲು ಈಚೆಗೆ, ಹಿಡಿಕಂಬಿ ಆಚೆಗೆ,
ಮುಚ್ಚಿದ ಕಿಟಕಿ ತೆರೆದು, ತೆರೆದದ್ದನ್ನು ಮುಚ್ಚಿ.
ಹಲ್ಲಿನ ತಂತಿ ಸುತ್ತಿ ಮಾಡಿದ್ದ ಬ್ರೇಕಿನ ಚಕ್ರವನ್ನು
ಕಿತ್ತು ಸಾಹೇಬರ ಎಡಗೈಗೆ ಕೊಟ್ಟೆ.
ಹೊಸ್ತಿಲಲ್ಲಿ ಕೂದಲೆಳೆ ಬಿರುಕು ಉಳಿಯಿತು. ಇರಲಿ.

ಶುಕ್ರವಾರ ನಮಾಜು ಮುಗಿಸಿ ಬಂದರು.
ಹಲ್ಲು ಕೂತಿತು. ಕಟಕಟ ಕಡಿದು ನೋಡಿ ಸರಿ ಅಂದರು.
ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಯಾಕೋ.
ಬಾಕಿ ಒಂದೇ ಸಾಹೇಬ್ರೆ, ಬಣ್ಣ,
ಫೋಟೋ ನೋಡಿದರೆ ಕಪ್ಪುಬಿಳುಪು.
ಕೆಂಪು ಅಂತಾರೆ. ಯಾವ ಕೆಂಪು?
ಹೆಂಚಿನದಾ, ಒಣಮೆಣಸಿನಕಾಯಿದಾ, ಕೆಮ್ಮಣ್ಣಿನದಾ?
ಏಳು ಚೂರು ತಗಡಿಗೆ ಏಳು ಥರ ಬಳಿದು ಮುಂದಿಟ್ಟೆ.
ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದರು,
ಒಂದೊಂದನ್ನೂ ವಾಪಸಿಟ್ಟರು.
ಸ್ಟೇಷನ್ನಿನ ಕಡೆ ಯಾವುದೋ ಗಾಡಿ ಕೂಗಿತು.

"ನನಗೆ ಗೊತ್ತಿಲ್ಲಪ್ಪ," ಅಂದರು,
"ನಾನು ಒಳಗಿರ್ತಿದ್ದೆ."